ಕುರ್ಚಿಯಲ್ಲಿ ಕೂರುವವರ ಗಮನಕ್ಕೆ

ಕ್ಷೌರದಂಗಡಿಯವನ ಮಗ ಲಾ ಕಾಲೇಜು ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಆ ಮನೆಯಲ್ಲಿ ನೆಮ್ಮದಿಯಾಗಿ ಒಂದು ಬಕೆಟ್ ನೀರಿಡುವುದೂ ಕಷ್ಟವಾಗಿಬಿಟ್ಟಿತು. ತಪ್ಪು ಪೂರ್ತಿ ಹುಡುಗನದಲ್ಲ, ಟಾರ್ಟ್ ಅನ್ನುವ ಪಾಠದ್ದು. ಕಳವು, ಕೊಲೆಗೆಲ್ಲ ಬೇರೆ ಕಾನೂನಿದೆ. ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರ ಕಾಲು ಮುರಿದರೆ, ಹಲ್ಲು ಉದುರಿದರೆ ಹೊಣೆ ಯಾರು ಅಂತ ಕೇಳುವುದು ಈ ಟಾರ್ಟ್. ಇದನ್ನು ಮೊದಲನೇ ವರ್ಷದವರಿಗೇ ಯಾಕೆ ಕಲಿಸುತ್ತಾರೋ ದೇವರೇ ಬಲ್ಲ. ಹದಿನೆಂಟರ ಹುಡುಗನ ಕೈಗೆ ಇಂಥ ವಿದ್ಯೆ ಕೊಟ್ಟರೆ ಅವನು ಮೊದಲು ಪ್ರಯೋಗ ಮಾಡುವುದು ಹೆತ್ತವರ ಮೇಲೆ.

ಅಮ್ಮ ನೆಲ ಒರೆಸಿದರೆ, "ಒದ್ದೆ ನೆಲ, ಎಚ್ಚರಿಕೆ ಕೊಟ್ಟಿಲ್ಲ" ಅನ್ನುತ್ತಿದ್ದ. ಮಹಡಿಯ ಕಟ್ಟೆ ಮೇಲಿನ ಹೂವಿನ ಕುಂಡ ನೋಡಿ, "ಕೆಳಗೆ ಹೋಗೋರ ತಲೆ ಮೇಲೆ ಬಿದ್ರೆ?" ಅಂದ.

"ಹನ್ನೊಂದು ವರ್ಷದಿಂದ ಬಿದ್ದಿಲ್ವಲ್ಲೋ" ಅಂದಳು ಅಮ್ಮ.

"ಇಲ್ಲಿವರೆಗೂ ಬಿದ್ದಿಲ್ಲ ಅನ್ನೋದು ವಾದ ಅಲ್ಲಮ್ಮ."

ಒಂದು ಬೆಳಗ್ಗೆ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನು, ಬಿಸಿ ಇದೆ ಅಂತ ಹೇಳುವುದು ಅಮ್ಮನ ಕರ್ತವ್ಯವಾಗಿತ್ತು ಅಂತ ವಾದಿಸಿದ. "ಹಬೆ ಏಳ್ತಿದ್ದದ್ದು ಕಣ್ಣಿಗೆ ಕಾಣಿಸ್ಲಿಲ್ವೇನೋ?" ಅಂತ ಅಮ್ಮ ಕೇಳಿದಳು. ಹುಡುಗ ಲೋಟ ಕೆಳಗಿಟ್ಟು, ಗಾಯಗೊಂಡವನದೂ ಒಂದು ಪಾಲು ತಪ್ಪಿದ್ದರೆ ಕಾನೂನಿನಲ್ಲಿ ಅದಕ್ಕೊಂದು ಹೆಸರಿದೆಯೆಂದು ಹೇಳಿ, ಆ ಉದಾಹರಣೆಯನ್ನು ಪುಸ್ತಕದಲ್ಲಿ ಬರೆದುಕೊಂಡ. "ಹೊಸದ್ರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ್ನಂತೆ" ಅಂತ ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. ಅವತ್ತಿನಿಂದ ಅವಳು ಮಗನನ್ನು ಕರೆಯುವುದು "ಲಾಯರ್ ಸಾಹೇಬ್ರೇ" ಅಂತಲೇ.

ಅಪ್ಪನಿಗೆ ಮಾತ್ರ ಇದೆಲ್ಲ ಹೆಮ್ಮೆ. ಮಗ ಬೈದರೂ ಕಾನೂನಿನ ಪ್ರಕಾರ ಬೈಯುತ್ತಾನಲ್ಲ ಅನ್ನುವ ಹೆಮ್ಮೆ.

ಅಪ್ಪನ ಅಂಗಡಿ ಮನೆಯ ಕೆಳಗೇ. ಎರಡು ಕುರ್ಚಿ, ಮರದ ಚೌಕಟ್ಟಿನ ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಎರಡನೇ ಕುರ್ಚಿಯ ಬೆನ್ನು ಮುರಿದು ವರ್ಷಗಳೇ ಆಗಿ, ಅದರ ಮೇಲೆ ಹಳೇ ಪೇಪರುಗಳು ಕೂತಿದ್ದವು. ಅಪ್ಪ ಮಾತಿನವನಲ್ಲ, ಜಂಬದವನಂತೂ ಅಲ್ಲವೇ ಅಲ್ಲ. ಆದರೂ ಅವನಿಗೊಂದೇ ಒಂದು ಜಂಬವಿತ್ತು. ಅಂಗಡಿ ತೆರೆದು ಮೂವತ್ತೊಂದು ವರ್ಷವಾದರೂ ಅವನ ಕತ್ತಿಯಿಂದ ಯಾರ ಮುಖದಲ್ಲೂ ಒಂದು ಹನಿ ರಕ್ತ ಬಂದಿರಲಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಕೆಲಸವನ್ನು ಅಂಚೆ ಮಾಸ್ತರರು ವಹಿಸಿಕೊಂಡಿದ್ದರು.

ಅಂಚೆ ಮಾಸ್ತರರು ನಿವೃತ್ತರಾದ ಮೇಲೂ ವಾರಕ್ಕೆ ಮೂರು ಬೆಳಗ್ಗೆ, ಒಂಬತ್ತಕ್ಕೆ ಸರಿಯಾಗಿ, ಗಡ್ಡ ಹೆರೆಸಿಕೊಳ್ಳಲು ಬರುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಬರುತ್ತಿದ್ದದ್ದು ನಿದ್ದೆ ಮಾಡಲು. ಮನೆಯಲ್ಲಿ ರಾತ್ರಿಯಿಡೀ ಹೊರಳಾಡುವ ಮನುಷ್ಯ ಈ ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ, ಕೆನ್ನೆಗೆ ನೊರೆ ಬಿದ್ದ ಕೂಡಲೇ ಗೊರಕೆ ಹೊಡೆಯುತ್ತಿದ್ದರು. ಅದೇನು ಸಣ್ಣಪುಟ್ಟ ಗೊರಕೆಯೇ? ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿ ಕೇಳಬೇಕು. ಅಪ್ಪ ಆ ಗೊರಕೆಗೆ ತನ್ನ ಕೈ ಹೊಂದಿಸಿಕೊಂಡಿದ್ದ. ಮಾಸ್ತರರು ಉಸಿರೆಳೆದುಕೊಂಡಾಗ ಕತ್ತಿ ನಿಲ್ಲುತ್ತಿತ್ತು, ಬಿಟ್ಟಾಗ ಸಾಗುತ್ತಿತ್ತು. ಎಳೆದಾಗ ಗಂಟಲು ಮೇಲೇಳುತ್ತದೆ, ಬಿಟ್ಟಾಗ ಚರ್ಮ ಸಡಿಲವಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗಿರುವಾಗ ಟಾರ್ಟ್ ಮೇಡಂ ಒಂದು ಮನೆಕೆಲಸ ಕೊಟ್ಟರು. ನಿಮಗೆ ಗೊತ್ತಿರುವ ಒಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿರುವ ಅಪಾಯ ಪಟ್ಟಿ ಮಾಡಿ, ಉಪಾಯ ಸೂಚಿಸಿ ಅಂದರು. ಹುಡುಗ ಅಪ್ಪನ ಅಂಗಡಿಯ ಬೆಂಚಿನ ಮೇಲೆ ಎರಡು ದಿನ ಕೂತು ಇಪ್ಪತ್ತಮೂರು ಅಪಾಯ ಕಂಡುಹಿಡಿದ. ಹದಿನಾರನೆಯದು ಕತ್ತಿ. ಹದಿನೇಳನೆಯದು, "ಗಿರಾಕಿ ನಿದ್ದೆ ಹೋಗುವುದು."

ಉಪಾಯವೂ ಹೊಳೆಯಿತು. ಅಪಾಯ ತಿಳಿದೂ ಒಪ್ಪಿ ಬಂದವನು ಆಮೇಲೆ ದೂರುವಂತಿಲ್ಲ ಅಂತ ಪಾಠದಲ್ಲಿತ್ತಲ್ಲ! ಹುಡುಗ ಕೂತು ಒಂದು ಎಚ್ಚರಿಕೆ ಫಲಕ ಬರೆದು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಬಂದ.

"ಈ ಕುರ್ಚಿಯಲ್ಲಿ ಕೂರುವವರ ಗಮನಕ್ಕೆ. ಕ್ಷೌರದ ಕತ್ತಿ ಅತ್ಯಂತ ಹರಿತವಾದ ಸಾಧನ. ಅದು ಹಾದುಹೋಗುವ ಕುತ್ತಿಗೆಯಲ್ಲಿ ಮುಖ್ಯ ರಕ್ತನಾಳಗಳಿವೆ. ಕ್ಷೌರಿಕನೂ ಮನುಷ್ಯನೇ ಆದುದರಿಂದ ಆತ ಸೀನಬಹುದು, ಕೆಮ್ಮಬಹುದು, ಆತನ ಗಮನ ಬೇರೆಡೆ ಹೋಗಬಹುದು. ಇದೆಲ್ಲ ತಿಳಿದೂ ಕುಳಿತವರು ಈ ಅಪಾಯಕ್ಕೆ ಒಪ್ಪಿದ್ದಾರೆಂದು ಭಾವಿಸಲಾಗುವುದು."

ಅಮ್ಮ ಓದಿ, "ಇದನ್ನ ಓದಿದ್ಮೇಲೂ ಕೂರೋನಿಗೆ ತಲೆ ಕೆಟ್ಟಿರ್ಬೇಕು" ಅಂದಳು. ಅಪ್ಪ ಓದಿದ್ದು ಮೊದಲ ಸಾಲು ಮಾತ್ರ. ಆದರೆ ಅಚ್ಚಿನ ಅಕ್ಷರದ ಮೇಲೆ ಎರಡು ಸಲ ಕೈಯಾಡಿಸಿದ. "ನೀನೇ ಬರೆದದ್ದಾ? ಪೂರ್ತಿ?" ಅಂದ. ಆಮೇಲೆ ಕನ್ನಡಿಯನ್ನು ಫಳಫಳ ಅನ್ನುವ ಹಾಗೆ ಒರೆಸಿ, ಅದರ ಮರದ ಚೌಕಟ್ಟಿಗೆ, ಕೂತವರ ಕಣ್ಣಿಗೆ ನೇರವಾಗಿ, ಎರಡು ಮೊಳೆ ಹೊಡೆದು ತಾನೇ ತೂಗುಹಾಕಿದ.

ಮರುದಿನ ಒಂಬತ್ತಕ್ಕೆ ಮಾಸ್ತರರು ಬಂದರು. ನಲವತ್ತು ವರ್ಷ ಊರಿನವರ ವಿಳಾಸ ಓದಿದ ಕಣ್ಣು ಅದು, ಬರೆದದ್ದು ಕಂಡರೆ ಓದದೆ ಬಿಡುವುದಿಲ್ಲ. ನೊರೆ ಹಚ್ಚುವಾಗ ಒಂದು ಸಲ ಓದಿದರು. ಅಪ್ಪ ಚರ್ಮದ ಪಟ್ಟಿಗೆ ಕತ್ತಿ ತೀಡುವಾಗ ಇನ್ನೊಂದು ಸಲ ಓದಿದರು. ಅವತ್ತು ಗೊರಕೆ ಬರಲಿಲ್ಲ. ಕಣ್ಣು ಎರಡೂ ನೆಟ್ಟಗೆ ತೆರೆದಿದ್ದವು.

"ಈ ರಕ್ತನಾಳ ಯಾವ ಕಡೆ ಇರೋದು?" ಅಂತ ಕೇಳಿದರು.

"ಎರಡೂ ಕಡೆ ಇದೆ ಮಾಸ್ತರೇ" ಅಂತ ಬೆಂಚಿನ ಮೇಲಿಂದ ಹುಡುಗ ಉಪಕಾರ ಮಾಡಿದ.

ಅಪ್ಪನಿಗೆ ಕೈ ಎಲ್ಲಿ ಸಾಗಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಹೋಯಿತು. ಮಾಸ್ತರರು ಉಸಿರೇ ಬಿಗಿಹಿಡಿದು ಕೂತಿದ್ದರು. ಕೆನ್ನೆ ಮುಗಿದು ಗಲ್ಲದ ಹತ್ತಿರ ಬಂದಾಗ ಅಪ್ಪ ಗಂಟಲು ಸರಿಮಾಡಿಕೊಂಡ, ಅಷ್ಟೇ. ಸೀನು ಬಂತೆಂದು ಮಾಸ್ತರರು ಕುರ್ಚಿಯಲ್ಲೇ ಎಗರಿಬಿದ್ದರು.

ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿತ್ತು.

ಸಾಸಿವೆ ಕಾಳಿನಷ್ಟು ಗಾಯ. ಅಪ್ಪ ಹತ್ತಿಯಿಂದ ಗಲ್ಲ ಒತ್ತಿಹಿಡಿದು, "ತಪ್ಪಾಯ್ತು ಮಾಸ್ತರೇ, ಕತ್ತಿ ನನ್ನ ಕೈಲಿತ್ತು" ಅಂದ.

"ನಿಂದೇನಯ್ಯಾ ತಪ್ಪು? ಎಗರಿದ್ದು ನಾನು" ಅಂದರು ಮಾಸ್ತರರು.

"ನೀವು ಎಗರ್ತೀರಿ ಅಂತ ನಂಗೆ ಗೊತ್ತಾಗ್ಬೇಕಿತ್ತು."

"ಇಷ್ಟು ವರ್ಷದ ಮೇಲೆ ಹೆದರ್ಕೊಂಡ್ನಲ್ಲ, ನಂಗೆ ಬುದ್ಧಿ ಬೇಡ್ವಾ?"

ಕೋರ್ಟಿನಲ್ಲಿ ಇಬ್ಬರೂ ನನ್ನದಲ್ಲ, ನನ್ನದಲ್ಲ ಅಂತ ಜಗಳವಾಡುತ್ತಾರೆಂದು ಹುಡುಗ ಓದಿದ್ದ. ನನ್ನದೇ, ನನ್ನದೇ ಅಂತ ಕಿತ್ತಾಡುವವರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಆ ಫಲಕ ಇಲ್ಲದಿದ್ದರೆ ಗಾಯ ಆಗುತ್ತಿತ್ತೇ ಅಂತ ಕೇಳಿನೋಡಬೇಕು ಅನ್ನುವುದು ಮೂರನೇ ವಾರದ ಪಾಠ. ಅವನು ಕೇಳಿ ನೋಡಿಕೊಂಡ. ಉತ್ತರ ಎದುರಿಗೇ, ಕನ್ನಡಿಯ ಚೌಕಟ್ಟಿನಲ್ಲಿ ತೂಗುತ್ತಿತ್ತು.

ಅಪ್ಪ ಅವತ್ತು ಕತ್ತಿ ತೊಳೆದು, ಒರೆಸಿ, ಮಡಚಿ, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿಟ್ಟ. ಮರುದಿನ ಗಡ್ಡಕ್ಕೆ ಬಂದವರಿಗೆ, "ಇನ್ಮೇಲೆ ಮೆಷಿನ್ನಲ್ಲೇ ಮಾಡೋದು" ಅಂದ. ಮೆಷಿನ್ ಗುಂಯ್ ಅನ್ನುತ್ತಿತ್ತು, ಅಪ್ಪ ಅದರ ಹಿಂದೆ ಸುಮ್ಮನೆ ಕೈ ಕಳಿಸುತ್ತಿದ್ದ. ಮಾಸ್ತರರು ಬರಲಿಲ್ಲ. ಹತ್ತು ದಿನದ ಬಿಳಿ ಗಡ್ಡ ಬಿಟ್ಟುಕೊಂಡು, ಒಂಬತ್ತು ಗಂಟೆಗೆ ಎದುರಿನ ಕಾಲುದಾರಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದುಹೋಗುತ್ತಿದ್ದರು. ತಮ್ಮ ಮುಖ ನೋಡಿದರೆ ಅಪ್ಪನಿಗೆ ನೋವಾಗುತ್ತದೆಂದು ಅವರ ಸಂಕೋಚ. ಮಾಸ್ತರರಿಗೆ ತನ್ನ ಕೈ ಕಂಡರೆ ಭಯವೆಂದು ಅಪ್ಪನ ಸಂಕಟ. ಅಪ್ಪ ಮಗನಿಗೆ ಒಂದು ಮಾತೂ ಅನ್ನಲಿಲ್ಲ, ಫಲಕವನ್ನೂ ತೆಗೆಯಲಿಲ್ಲ. ಬೈದುಬಿಟ್ಟಿದ್ದರೆ ಹುಡುಗ ಒಂದು ಹೊತ್ತಾದರೂ ಸರಿಯಾಗಿ ಉಣ್ಣುತ್ತಿದ್ದ.

ಅಮ್ಮನಂತೂ ಬಿಡಲಿಲ್ಲ. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ" ಅಂದಳು. ಆಮೇಲೆ ಮಗನ ಮುಖ ನೋಡಿ, ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಹುಡುಗ ತರಗತಿಯಲ್ಲಿ ಕೈಯೆತ್ತಿದ. "ಮೇಡಂ, ಎಚ್ಚರಿಕೆ ಫಲಕದಿಂದಲೇ ಗಾಯ ಆದ್ರೆ?"

"ಅಂಥ ಫಲಕ ಬರೆದ ಪುಣ್ಯಾತ್ಮ ಯಾರು?" ಅಂದರು ಮೇಡಂ. ತರಗತಿ ಗೊಳ್ಳೆಂದಿತು.

"ಯಾರೋ ಒಬ್ಬ. ಅವನು ಏನು ಪರಿಹಾರ ಕೊಡ್ಬೇಕು?"

"ಸಾಮಾನ್ಯವಾಗಿ ದುಡ್ಡು."

"ಹಾಳಾಗಿದ್ದು ದುಡ್ಡಿಗೆ ಸಿಗೋ ಅಂಥದ್ದಲ್ಲ ಮೇಡಂ."

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ಆದಷ್ಟೂ ಮೊದಲು ಹೇಗಿತ್ತೋ ಹಾಗೆ ಮಾಡ್ಕೊಡ್ಬೇಕಪ್ಪ. ಪರಿಹಾರ ಅಂದ್ರೆ ಮೂಲದಲ್ಲಿ ಅಷ್ಟೇ. ದುಡ್ಡು ಕೊಡೋದು ಅದು ಆಗದೇ ಇದ್ದಾಗ."

ಮರುದಿನ ಭಾನುವಾರ. ಬೆಳಗ್ಗೆ ಎಂಟೂಮುಕ್ಕಾಲಿಗೆ ಹುಡುಗ ಅಂಗಡಿಗಿಳಿದು ಫಲಕ ಕಿತ್ತ. ಹಳೇ ಪೇಪರುಗಳ ಕೆಳಗೆ ಅದನ್ನಿಟ್ಟು, ಕುರ್ಚಿಯಲ್ಲಿ ಕೂತು, "ಅಪ್ಪಾ, ನಂಗೆ ಗಡ್ಡ" ಅಂದ. ಗಡ್ಡವೇನು ಹೇಳಿಕೊಳ್ಳುವಂಥದ್ದಲ್ಲ, ಅಲ್ಲೊಂದು ಇಲ್ಲೊಂದು ಕೂದಲು. ಅಪ್ಪ ಮೆಷಿನ್ ಎತ್ತಿಕೊಂಡ.

"ಅದಲ್ಲ. ಕತ್ತಿ."

"ಬೇಡಪ್ಪಾ" ಅಂದ ಅಪ್ಪ. "ಕೈ ಮೇಲೆ ನಂಬಿಕೆ ಹೋಗಿದೆ."

"ನಂಗೆ ಹೋಗಿಲ್ಲ."

ಹಾಗೆಂದವನು ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ. ಅಪ್ಪ ಕದಲಲಿಲ್ಲ. ಆಗ ಹುಡುಗನಿಗೆ ತೋಚಿದ್ದು ಒಂದೇ. ಗಟ್ಟಿಯಾಗಿ ಗೊರಕೆ ಹೊಡೆಯಲು ಶುರುಮಾಡಿದ. ಅದು ಎಷ್ಟು ಕೆಟ್ಟದಾಗಿತ್ತೆಂದರೆ, ಎದುರಿನ ಕಾಲುದಾರಿಯಲ್ಲಿ ಹೋಗುತ್ತಿದ್ದ ಮಾಸ್ತರರು ನಿಂತು, ರಸ್ತೆ ದಾಟಿ, ಬಾಗಿಲಿಗೇ ಬಂದರು.

"ಯಾರಿಗಯ್ಯಾ ಹೊಟ್ಟೆನೋವು?"

"ಹೊಟ್ಟೆನೋವಲ್ಲ, ಗೊರಕೆ" ಅಂದ ಅಪ್ಪ.

"ಇದಾ ಗೊರಕೆ?" ಮಾಸ್ತರರಿಗೆ ನಿಜವಾಗಿ ಕೋಪ ಬಂತು. "ಮರ ಕೊಯ್ದಂಗೆ ಒಂದೇ ಸಮ ಎಳೀತಾರೇನೋ? ಎಳ್ಕೋಬೇಕು, ಒಂದು ಚೂರು ನಿಲ್ಬೇಕು, ಆಮೇಲೆ ಪೂರ್ತಿ ಬಿಡ್ಬೇಕು. ಬಿಡೋವಾಗ ಆತುರ ಪಡ್ಬಾರ್ದು!"

ಅಪ್ಪ ನಕ್ಕುಬಿಟ್ಟ. ಹನ್ನೊಂದು ದಿನದಲ್ಲಿ ಅದೇ ಮೊದಲು. ನಗುನಗುತ್ತಲೇ ಡ್ರಾಯರ್ ಎಳೆದ ಸದ್ದು ಹುಡುಗನ ಕಿವಿಗೆ ಬಿತ್ತು. ನೊರೆ ತಣ್ಣಗೆ ಕೆನ್ನೆ ಮೇಲೆ ಹರಡಿತು. ಪಟ್ಟಿಯ ಮೇಲೆ ಕತ್ತಿ ನಾಲ್ಕು ಸಲ ಹೋಗಿ ಬಂತು. ಆಮೇಲೆ ಅಲಗು ಅವನ ಕುತ್ತಿಗೆಗೆ ತಾಗಿತು.

ಅವನಿಗೆ ಭಯವಾಯಿತು. ಯಾಕಾಗಬಾರದು? ರಕ್ತನಾಳ ಎರಡೂ ಕಡೆ ಇದೆ ಅಂತ ಹೇಳಿದವನು ಅವನೇ ತಾನೇ. ಕತ್ತಿ ಮುಂದೆ ಸಾಗಲಿಲ್ಲ. ಅಪ್ಪ ಕಾಯುತ್ತಿದ್ದ.

"ಕಳ್ಳ ಗೊರಕೆ ಬೇಡ" ಅಂತ ಅಪ್ಪ ಮೆಲ್ಲಗೆ ಹೇಳಿದ. "ಸುಮ್ನೆ ಉಸಿರಾಡು. ಉಳಿದಿದ್ದು ನಾನು ನೋಡ್ಕೋತೀನಿ."

ಹುಡುಗ ಉಸಿರು ಎಳೆದುಕೊಂಡ, ಬಿಟ್ಟ. ಬಿಟ್ಟಾಗ ಕತ್ತಿ ಸಾಗಿತು. ಎಳೆದುಕೊಂಡಾಗ ನಿಂತಿತು. ಮೂವತ್ತೊಂದು ವರ್ಷ ಈ ಮನುಷ್ಯ ಊರಿನವರ ಉಸಿರು ಕೇಳಿಸಿಕೊಂಡೇ ಕೆಲಸ ಮಾಡಿದ್ದಾನೆಂದು ಅವನಿಗೆ ಆಗ ತಿಳಿಯಿತು. ಇಪ್ಪತ್ತಮೂರು ಅಪಾಯ ಎಣಿಸಿದವನಿಗೆ ಇದೊಂದು ಕಂಡಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು, ಅಳು ಬಂದ ಹಾಗಾಯಿತು, ಅಲುಗಾಡಬಾರದೆಂದು ಅದನ್ನು ನುಂಗಿಕೊಂಡ. ಆಮೇಲೆ ಏನಾಯಿತೋ ಅವನಿಗೆ ಗೊತ್ತಿಲ್ಲ.

ಎಚ್ಚರವಾದದ್ದು ಮಾಸ್ತರರು ಭುಜ ಅಲುಗಾಡಿಸಿದಾಗ. "ಏಳಯ್ಯಾ ಲಾಯರ್ ಸಾಹೇಬ, ಒಂಬತ್ತು ದಾಟಿತು. ನನ್ನ ನಿದ್ದೆ ನೀನು ಮಾಡ್ತಿದ್ದೀಯಲ್ಲ!"

ಹುಡುಗ ಎದ್ದು ಬೆಂಚಿಗೆ ಹೋದ. ಮುಖ ಮುಟ್ಟಿ ನೋಡಿಕೊಂಡ, ಎಲ್ಲೂ ಏನೂ ಇರಲಿಲ್ಲ. ಮಾಸ್ತರರು ಕುರ್ಚಿಯಲ್ಲಿ ಕೂತು, ಫಲಕವಿದ್ದ ಜಾಗದ ಎರಡು ಮೊಳೆಗಳನ್ನು ಒಂದು ಕ್ಷಣ ನೋಡಿ, ತಲೆ ಒರಗಿಸಿದರು. ನೊರೆ ಬಿದ್ದದ್ದೇ ತಡ, ಅಂಗಡಿಯ ಗಾಜು ಅದುರುವಂಥ ಗೊರಕೆ ಶುರುವಾಯಿತು.

ಅಪ್ಪ ಕತ್ತಿ ಹಿಡಿದು ಮಗನ ಕಡೆ ಬಾಗಿ, ಮಾಸ್ತರರಿಗೆ ಕೇಳಿಸದ ಹಾಗೆ ಕೇಳಿದ.

"ನಿಂಗೆ ನಿಜವಾಗ್ಲೂ ನಿದ್ದೆ ಬಂದಿತ್ತಾ?"

"ಬಂದಿತ್ತಪ್ಪಾ."

ಅಪ್ಪ ಕುರ್ಚಿಯ ಕಡೆ ತಿರುಗಿ, ಮಾಸ್ತರರು ಉಸಿರು ಬಿಡುವುದನ್ನು ಕಾಯುತ್ತ ನಿಂತ.