ಪರದೆ ಕಪ್ಪಾದ ಒಂದು ನಿಮಿಷ

ಜೋಂಬಾ ಪಟ್ಟಣದ ಶಿಕ್ಷಕರ ಕಾಲೇಜಿಗೆ ದಾನವಾಗಿ ಬಂದ ಇಪ್ಪತ್ತು ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಜೀವ ಕೊಟ್ಟವಳು ಟಿಯೊಂಗೆ. ಎರಡು ವರ್ಷದಿಂದ ಹಂಗಾಮಿ. ಜೊತೆಯ ವೊಂಗಾನಿಯೂ ಹಂಗಾಮಿಯೇ. ಕಾಯಂ ಹುದ್ದೆ ಮಾತ್ರ ಒಂದೇ. ಸಚಿವಾಲಯದವರು ಬಂದು ಲ್ಯಾಬ್ ನೋಡಿಹೋದ ಮೇಲೆ ತೀರ್ಮಾನ ಎಂದಿದ್ದರು ಪ್ರಿನ್ಸಿಪಾಲ್ ಲಿಕೊಂಗ್ವೆ.

ಲಿನಕ್ಸಿನಲ್ಲಿ ಕಣ್ಣಿಗೆ ಕಾಣುವುದು ಕಟ್ಟಕಡೆಯ ಪದರ. ತಳದಲ್ಲಿ ಯಂತ್ರವನ್ನೇ ನಡೆಸುವ ಕರ್ನಲ್ ಎಂಬ ತಿರುಳು, ಅದರ ಮೇಲೆ ಪರದೆಗೆ ಚಿತ್ರ ಮೂಡಿಸುವ ಸರ್ವರ್, ಅದರ ಮೇಲೆ ಕಿಟಕಿಗಳಿಗೆ ಚೌಕಟ್ಟು ಹಾಕಿ ಅತ್ತಿತ್ತ ಸರಿಸುವ ಮ್ಯಾನೇಜರ್, ಎಲ್ಲಕ್ಕೂ ಮೇಲೆ ಡೆಸ್ಕ್‌ಟಾಪಿನ ಸಿಂಗಾರ. ಮೇಲಿನದು ಸತ್ತರೂ ಕೆಳಗಿನದು ಬದುಕಿರುತ್ತದೆ, ಕೆಳಗಿನದು ಸತ್ತರೆ ಮೇಲಿನದೆಲ್ಲ ಹೋಗುತ್ತದೆ. ಮುದಿ ಯಂತ್ರಗಳಿಗೆ ಭಾರವಾಗದಿರಲೆಂದು ಟಿಯೊಂಗೆ ಸಿಂಗಾರವನ್ನೇ ಕೈಬಿಟ್ಟಿದ್ದಳು.

"ನೆಂಚಿಕೊಳ್ಳೋಕೆ ಏನೂ ಇಲ್ಲದ ನ್ಸಿಮಾ ಮುದ್ದೆ ಕಣೇ ಇದು," ಎಂದು ನಕ್ಕ ವೊಂಗಾನಿ, ತಪಾಸಣೆಯ ಹಿಂದಿನ ದಿನ, ಗೋಡೆಗೆ ಚಿತ್ರ ಬಿಡುವ ಪ್ರೊಜೆಕ್ಟರ್ ಜೋಡಿಸಿದ್ದ ಯಂತ್ರಕ್ಕೆ ಭಾರೀ ಡೆಸ್ಕ್‌ಟಾಪ್ ಹೇರಿದ. ಗಾಜಿನಂಥ ಕಿಟಕಿಗಳು, ಹಿಂದೆ ಸರೋವರದ ಚಿತ್ರ. ಮೆಮೊರಿ ಸಾಲದು ಎಂದು ಅವಳು ಮೆಲ್ಲಗೆ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಅತಿಥಿಗಳ ಎದುರು ಪ್ರಿನ್ಸಿಪಾಲರು ಅದೇ ಯಂತ್ರದಲ್ಲಿ ತಮ್ಮ ಭಾಷಣ ತೆರೆದು, ಕೊನೆಯ ಎರಡು ಸಾಲು ಸೇರಿಸುತ್ತಿದ್ದಾಗ ಎಲ್ಲ ಮರಗಟ್ಟಿತು. ವೊಂಗಾನಿ ಮೌಸನ್ನು ಸುಮ್ಮನೆ ಅತ್ತಿತ್ತ ಎಳೆದಾಡಿದ. ಟಿಯೊಂಗೆ ಮುಂದೆ ಬಂದು ಮೂರು ಕೀ ಒಟ್ಟಿಗೆ ಒತ್ತಿದಳು. ಗೋಡೆಯ ಮೇಲೆ ಸರೋವರ ಹೋಗಿ ಕಪ್ಪು ಬಂತು, ಕಪ್ಪಿನಲ್ಲಿ ಬಿಳಿ ಅಕ್ಷರ. ಸಿಂಗಾರವನ್ನೂ ಅದರ ಮ್ಯಾನೇಜರನ್ನೂ ಕೊಂದು, ತನ್ನ ಹಗುರ ಮ್ಯಾನೇಜರನ್ನು ಎಬ್ಬಿಸಿದಳು. ಸರ್ವರ್ ಮುಟ್ಟಲಿಲ್ಲ, ಮುಟ್ಟಿದ್ದರೆ ಇನ್ನೂ ಸೇವ್ ಮಾಡದ ಆ ಎರಡು ಸಾಲುಗಳೂ ಹೋಗುತ್ತಿದ್ದವು. ನಿಮಿಷದೊಳಗೆ ಭಾಷಣ ಬೋಳು ಬೂದು ಹಿನ್ನೆಲೆಯಲ್ಲಿ ಇದ್ದಂತೆಯೇ ಮರಳಿತು.

ಈ ಹುಡುಗಿ ಎಲ್ಲ ಅಳಿಸಿಹಾಕಿದಳೇ ಎಂದು ಸಚಿವಾಲಯದ ಅಧಿಕಾರಿ ಕೇಳಿದರು. ಹೊಸಬಳು, ಕಲಿಯುತ್ತಿದ್ದಾಳೆ ಎಂದರು ಪ್ರಿನ್ಸಿಪಾಲರು. ವೊಂಗಾನಿ ಅವಳ ಪರವಾಗಿ ಕ್ಷಮೆ ಕೇಳಿ ಸರೋವರದ ಚಿತ್ರವನ್ನು ಮತ್ತೆ ಅಂಟಿಸಿದ. ಚಪ್ಪಾಳೆ ಬಿತ್ತು.

ಮುಂದಿನ ವಾರ ಕಾಯಂ ಪತ್ರ ಅವನಿಗೆ ಬಂತು. ಪ್ರಿನ್ಸಿಪಾಲರು ಅವಳನ್ನು ಕರೆಸಿದರು.

"ಅಷ್ಟು ಜನರ ಮುಂದೆ ಮೆಷಿನ್ ಕೆಡಿಸಿಬಿಟ್ಟೆಯಲ್ಲ ಮಗಳೇ. ನಾನಾದ್ರೂ ಏನು ಮಾಡ್ಲಿ?"

"ನಿಮ್ಮ ಭಾಷಣ ಉಳೀತಲ್ಲ, ಬಾಂಬೊ," ಎಂದಳು, ಹಿರಿಯರನ್ನು ಅಪ್ಪ ಎಂದು ಕರೆಯುವ ಅಲ್ಲಿನ ರೂಢಿಯಂತೆ.

"ಅದು ಅಲ್ಲೇ ಇತ್ತಲ್ಲಮ್ಮ. ಎಲ್ಲಿಗೆ ಹೋಗಿತ್ತು?"

ಹೊರಗೆ ವೊಂಗಾನಿ ಕಾಯುತ್ತಿದ್ದ. ಆ ಮೂರು ಕೀ ಯಾವುದು, ಆಮೇಲೆ ಏನು ಟೈಪ್ ಹೊಡೆಯಬೇಕು, ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋಗು ಎಂದ. ಅವಳು ಬರೆದುಕೊಟ್ಟಳು. ಒಂದು ಸಾಲೂ ಬಿಡಲಿಲ್ಲ, ಅಕ್ಷರ ಮುದ್ದಾಗಿಯೇ ಬಂದಿತ್ತು. ಅದಕ್ಕೇ ಅವಳಿಗೆ ತನ್ನ ಕೈಯನ್ನು ಕಂಡೇ ಹೇಸಿಗೆಯೆನಿಸಿತು.