ಏಳು ಗಂಟೆಯ ಮಣೆ

ನಾನು ಒಂದು ಮಣೆ. ಹುಟ್ಟಿದ್ದು ಜ್ಞಾನಮ್ಮನ ಮಂಡಿನೋವಿನ ದೆಸೆಯಿಂದ.

ಮೈಸೂರಿನ ಒಂದು ಚರ್ಚಿನ ಹಿಂದಿನ ಬೀದಿಯಲ್ಲಿ ಆಕೆಯ ಗಂಡ, ಬಡಗಿ ಚೌರಪ್ಪನ ಮನೆ. ಚರ್ಚಿಗೆ ಹೊಸ ಬೆಂಚುಗಳು ಬಂದ ವರ್ಷ ಅವನು ಮುರಿದುಬಿದ್ದ ಹಳೆಯ ಬೆಂಚೊಂದನ್ನು ಫಾದರನ್ನು ಕೇಳಿ ಮನೆಗೆ ಹೊತ್ತು ತಂದ. ನಾಲ್ಕು ದಿನ ಕೊಯ್ದ, ಕೀಸುಳಿ ಎಳೆದ, ಗೇಣೆತ್ತರದ ನಾಲ್ಕು ಕಾಲು ಕೂರಿಸಿದ. ಮಂಡಿಯೂರಲಾರದೆ ನಿಂತೇ ಜಪಮಾಲೆ ಹೇಳುತ್ತಿದ್ದ ಹೆಂಡತಿಯ ಮುಂದೆ ನನ್ನನ್ನು ತಂದಿಟ್ಟು, ಕೂತು ನೋಡು ಎಂದ. ಆಕೆ ಕೂತಳು. ಕಾಲು ಚಾಚಿದಳು. ಇಷ್ಟು ಸುಖವಾಗಿ ಕೂತರೆ ದೇವರು ಏನೆಂದುಕೊಂಡಾನೋ ಎಂದು ಅನುಮಾನಪಟ್ಟಳು. ಆದರೂ ಏಳಲಿಲ್ಲ.

ಸಂಜೆ ಏಳಕ್ಕೆ ಮನೆಯವರೆಲ್ಲ ಪೀಠದ ಮುಂದೆ ಚಾಪೆ ಹಾಸಿ ಸೇರುತ್ತಿದ್ದರು. ಪೀಠವೆಂದರೆ ಗೋಡೆಗೆ ಬಡಿದ ಒಂದು ಹಲಗೆ. ಅದರ ಮೇಲೆ ಮಾತೆ ಮರಿಯಳ ಸ್ವರೂಪ, ಒಂದು ಶಿಲುಬೆ, ಎರಡು ಮೇಣದಬತ್ತಿ. ಜಪಮಾಲೆಯೆಂದರೆ ಹತ್ತು ಹತ್ತು ಮಣಿಗಳ ಐದು ಸುತ್ತು, ಮಣಿಗೊಂದು ‘ನಮೋ ಮರಿಯ’, ಪ್ರತಿ ಹತ್ತರ ಮೊದಲಿಗೆ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಚೌರಪ್ಪ ಮೂರನೆಯ ಹತ್ತು ಮಣಿ ಮುಗಿಯುವಷ್ಟರಲ್ಲಿ ತೂಕಡಿಸುತ್ತಿದ್ದ. ಗಂಡುಮಕ್ಕಳಿಬ್ಬರು, ಇನ್ನಾಸಪ್ಪ ಮತ್ತು ಚಿನ್ನಪ್ಪ, ‘ನಮೋ ಮರಿಯ’ವನ್ನು ಬಸ್ಸು ಹಿಡಿಯುವವರ ಹಾಗೆ ಹೇಳುತ್ತಿದ್ದರು. ಜ್ಞಾನಮ್ಮ ಬೈಯುತ್ತಿರಲಿಲ್ಲ, ಆ ಹತ್ತನ್ನು ಮೊದಲಿನಿಂದ ಶುರುಮಾಡುತ್ತಿದ್ದಳು, ಅಷ್ಟೆ. ಭಕ್ತಿಯೇನೋ ಬಹಳ. ಆದರೆ ಒಲೆಯ ಮೇಲೆ ಹುರುಳಿಕಾಳು ತಳ ಹಿಡಿದ ವಾಸನೆ ಬಂದರೆ ಜಪಸರ ಬೆರಳಲ್ಲಿ ಹಿಡಿದೇ ಎದ್ದು ಹೋಗಿ ನೀರು ಹಾಕಿ ಬರುತ್ತಿದ್ದಳು.

ಮಕ್ಕಳು ದೊಡ್ಡವರಾದರು. ಇಬ್ಬರಿಗೂ ಬ್ಯಾಂಡ್‌ಸೆಟ್ಟಿನ ಹುಚ್ಚು. ಇನ್ನಾಸಪ್ಪ ಕ್ಲಾರಿನೆಟ್ ನುಡಿಸುತ್ತ ತಂಡಕ್ಕೆ ಯಜಮಾನನಾದ. ಚಿನ್ನಪ್ಪ ಟ್ರಂಪೆಟ್ ಊದುತ್ತಿದ್ದ. ಮದುವೆಯಾದ ಮೇಲೆ ಇನ್ನಾಸಪ್ಪ ಎರಡು ಬೀದಿ ಆಚೆ ಮನೆ ಮಾಡಿದ. ಚಿನ್ನಪ್ಪನ ಹೆಂಡತಿಯಾಗಿ ಈ ಮನೆಗೆ ಬಂದವಳು ರೆಜಿನಾ. ಚೌರಪ್ಪ ತೀರಿಕೊಂಡ ಎರಡು ವರ್ಷಕ್ಕೆ ಜ್ಞಾನಮ್ಮನೂ ಹಾಸಿಗೆ ಹಿಡಿದಳು. ಒಂದು ಸಂಜೆ ಸೊಸೆಯನ್ನು ಕರೆದು ನನ್ನ ಕಡೆ ಕೈ ತೋರಿಸಿ, “ಇನ್ಮೇಲೆ ನೀನು ಕೂತ್ಕೊಂಡು ನಡೆಸು ಕಣವ್ವ,” ಎಂದಳು. ರೆಜಿನಾಗೆ ಆಗ ಇಪ್ಪತ್ತನಾಲ್ಕು. ಮೊದಲ ತಿಂಗಳೆಲ್ಲ ನನ್ನ ಅಂಚಿನಲ್ಲೇ ಕೂತಳು, ಯಾರೋ ಬಂದು ಎಬ್ಬಿಸುತ್ತಾರೆ ಎಂಬಂತೆ.

ಅತ್ತೆ ತೀರಿಕೊಂಡ ಮರುವರ್ಷ ಚರ್ಚಿನ ಹಬ್ಬದಲ್ಲಿ ಆ ಪ್ರಸಂಗ ನಡೆಯಿತು. ಮೆರವಣಿಗೆ ಹೊರಡುವ ಹೊತ್ತಿಗೆ ಇನ್ನಾಸಪ್ಪ ತಮ್ಮನನ್ನು ಸಾಲಿನಿಂದ ಹೊರಗೆ ನಿಲ್ಲಿಸಿ, ಬೇರೆ ಊರಿನ ಟ್ರಂಪೆಟ್ಟಿನವನನ್ನು ಸೇರಿಸಿಕೊಂಡ. ನಿನ್ನ ಉಸಿರು ಸಾಲದು ಎಂದು ಊರೆಲ್ಲ ಕೇಳುವಂತೆ ಹೇಳಿದ. ಚಿನ್ನಪ್ಪ ಮನೆಗೆ ಬಂದವನೇ ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಶಾಲೆಯ ವ್ಯಾನು ಓಡಿಸುವ ಕೆಲಸ ಹಿಡಿದ. ಅಣ್ಣನ ಜೊತೆ ಮಾತು ನಿಂತಿತು. ಜಗಳವೇನೂ ಆಗಲಿಲ್ಲ. ಚರ್ಚಿನಲ್ಲಿ ಒಬ್ಬ ಎಡಕ್ಕೆ ಕೂತರೆ ಇನ್ನೊಬ್ಬ ಬಲಕ್ಕೆ. ಗಂಡಸರ ಮುನಿಸು, ತಾನೇ ಇಳಿಯುತ್ತದೆ ಎಂದುಕೊಂಡ ರೆಜಿನಾ ಮಗಳು ಅಮಲಾಳನ್ನು ಬೆಳೆಸುವುದರಲ್ಲಿ ಮುಳುಗಿದಳು.

ಇಪ್ಪತ್ತು ವರ್ಷ ಹೋದವು. ಅಮಲಾಳನ್ನು ಹಾಸನಕ್ಕೆ ಕೊಟ್ಟು ಮದುವೆ ಮಾಡಿದರು. ದೊಡ್ಡಪ್ಪನಾಗಿ ಇನ್ನಾಸಪ್ಪನೂ ಬಂದ. ಹುಡುಗಿಯ ತಲೆ ಮುಟ್ಟಿ ಹರಸಿದ, ಊಟ ಮಾಡಿ ಹೋದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಗಳು ಹೋದ ಮರುದಿನ ಸಂಜೆ ಜಪಮಾಲೆಗೆ ಇದ್ದವರು ಗಂಡಹೆಂಡಿರಿಬ್ಬರೇ. ನನ್ನ ಮೇಲೆ ಕೂತ ರೆಜಿನಾ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಅರ್ಧ ಹೇಳಿದಳು. ಉಳಿದರ್ಧ ಚಿನ್ನಪ್ಪನದು. ಅನುದಿನದ ಆಹಾರ ಕೇಳಿದ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದ. ಮತ್ತೆ ಅದರ ಮುಂದಿನ ಸಾಲಿನಿಂದ ಹಿಡಿದು ಆಮೆನ್‌ವರೆಗೆ ಹೇಳಿದ. ಇಷ್ಟು ವರ್ಷ ಮಗಳ ದನಿಯ ಅಡಿಯಲ್ಲಿ ಅಡಗಿದ್ದದ್ದು ಈಗ ಬಯಲಾಯಿತು. ಎರಡನೆಯ ಹತ್ತರಲ್ಲೂ ಹಾಗೆಯೇ. ಮೂರನೆಯದರಲ್ಲೂ. ರೆಜಿನಾ ಜಪಸರವನ್ನು ಮಡಿಲಲ್ಲಿ ಇಟ್ಟಳು.

“ನಡುವೆ ಒಂದು ಮಾತು ಬಿಟ್ರಲ್ಲ?”

ಚಿನ್ನಪ್ಪ ಮೇಣದಬತ್ತಿ ನೋಡುತ್ತಲೇ ಹೇಳಿದ: “ಇಪ್ಪತ್ತು ವರ್ಷದಿಂದ ಬಿಡ್ತಾ ಇದೀನಿ. ನಿಂಗೆ ಇವತ್ತು ಕೇಳಿಸ್ತಾ?”

ಆ ಮಾತು ಯಾವುದೆಂದು ಆಕೆಗೆ ಗೊತ್ತಿತ್ತು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ’ ಎಂಬ ಸಾಲು.

“ಬಾಯಲ್ಲಿ ಕ್ಷಮಿಸ್ದೆ ಅಂದು ಹೊಟ್ಟೇಲಿ ಇಟ್ಕೊಂಡ್ರೆ ಸುಳ್ಳಾಗಲ್ವಾ? ದೇವರ ಮುಂದೆ ಸುಳ್ಳು ಬೇಡ ಅಂತ ಬಿಟ್ಟೆ,” ಎಂದ.

ರೆಜಿನಾಗೆ ಗಂಡನ ಮೇಲೆ ಕೋಪ ಬರಲಿಲ್ಲ. ದಿನಾ ಮೂರಡಿ ದೂರದಲ್ಲಿ ಕೂತು ತನಗೆ ಇದು ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಉಳಿದ ಎರಡು ಹತ್ತನ್ನು ಮೆಲ್ಲಗೆ ಮುಗಿಸಿದಳು.

ಮರುದಿನ ಸಂಜೆ ಗಂಡ ಬರುವ ಮೊದಲೇ ಮನೆಗೆ ಬೀಗ ಹಾಕಿ, ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಇನ್ನಾಸಪ್ಪನ ಮನೆಗೆ ನಡೆದಳು. ಹುಟ್ಟಿದ ಮೇಲೆ ನಾನು ಬೀದಿ ಕಂಡದ್ದು ಅದೇ ಮೊದಲು. ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿ ಬಂದಿದ್ದಳು.

ಇನ್ನಾಸಪ್ಪ ಗೋಡೆಗೆ ಒರಗಿ ಕೂತಿದ್ದ. ಮುಖ ಬಾಡಿತ್ತು, ಎದೆ ಸಿಳ್ಳೆ ಹಾಕುತ್ತಿತ್ತು. ಅವನ ಹೆಂಡತಿ ಲೂರ್ದಮ್ಮ, ಆರು ತಿಂಗಳಿಂದ ಹೀಗೇ, ಮದುವೆಗೂ ಕಷ್ಟಪಟ್ಟೇ ಬಂದದ್ದು, ಮಂಡಿಯೂರುವುದಕ್ಕೂ ಆಗುವುದಿಲ್ಲ, ಕ್ಲಾರಿನೆಟ್ ಮುಟ್ಟುವುದೇ ಇಲ್ಲ ಎಂದಳು. ರೆಜಿನಾ ಬಂದ ಕಾರಣ ಹೇಳಲಿಲ್ಲ. ಇವತ್ತು ಇಲ್ಲೇ ಜಪಮಾಲೆ ಹೇಳೋಣ ಎಂದು ನನ್ನನ್ನು ಭಾವನ ಮುಂದೆ ಇಟ್ಟಳು. ಅವನು ನನ್ನ ಮೈ ಸವರಿ, “ಅವ್ವನ ಮಣೆ,” ಎಂದ. ಕೂತ.

ಮೊದಲ ಹತ್ತನ್ನು ಅವನೇ ನಡೆಸತೊಡಗಿದ. ಐದನೆಯ ಮಣಿಯಲ್ಲಿ ‘ನಮೋ ಮರಿಯ, ವರಪ್ರಸಾದ’ ಎನ್ನುವಷ್ಟರಲ್ಲಿ ಉಸಿರು ಕಡಿದುಹೋಯಿತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಲೂರ್ದಮ್ಮ ನೀರಿಗೆಂದು ಏಳುತ್ತಿದ್ದಳು. ಆಗ ಬಾಗಿಲ ಹೊರಗಿನಿಂದ ಒಂದು ಗಂಡುದನಿ ಆ ಸಾಲನ್ನು ಅಲ್ಲಿಂದಲೇ ಎತ್ತಿಕೊಂಡು ಪೂರ್ತಿಮಾಡಿತು. ಹೆಂಡತಿಯನ್ನು ಹುಡುಕಿ ಬಂದ ಚಿನ್ನಪ್ಪ ಎಷ್ಟು ಹೊತ್ತಿನಿಂದ ಹೊಸ್ತಿಲಾಚೆ ನಿಂತಿದ್ದನೋ ಗೊತ್ತಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ. ಬಾಗಿಲ ಹತ್ತಿರವೇ ಮಂಡಿಯೂರಿ ಉಳಿದ ಐದು ಮಣಿಗಳನ್ನೂ ಅವನೇ ನಡೆಸಿದ.

ಹತ್ತು ಮುಗಿದಾಗ ಇನ್ನಾಸಪ್ಪನಿಗೆ ಉಸಿರು ಮರಳಿತ್ತು. ತಿರುಗಿ ನೋಡದೆ ಹೇಳಿದ: “ನಿನ್ ಉಸಿರು ಚೆನ್ನಾಗದೆ ಕಣೋ.” ಸ್ವಲ್ಪ ತಡೆದು, “ಅವತ್ತೂ ಚೆನ್ನಾಗೇ ಇತ್ತು. ಜನ ಎಲ್ಲ ನಿನ್ ಕಡೇನೇ ನೋಡೋರು. ನಂಗೆ ಅದು ತಡೀಲಿಲ್ಲ,” ಎಂದ.

ಚಿನ್ನಪ್ಪ ಬಾಗಿಲ ಬಳಿಯಿಂದ ಚಾಪೆಯ ಕಡೆ ಸರಿದ. ಮುಂದಿನ ಹತ್ತು ಶುರುವಾಯಿತು. ಕ್ಷಮೆಯ ಆ ಸಾಲು ಬಂದಾಗ ರೆಜಿನಾ ಕಿವಿಗೊಟ್ಟಳು. ಚಿನ್ನಪ್ಪ ಅದನ್ನು ಹೇಳಲಿಲ್ಲ. ಕೊನೆಯ ಹತ್ತರಲ್ಲಿ ಹೇಳಿದ, ಬಹಳ ಮೆಲ್ಲಗೆ, ಒಂದೊಂದೇ ಪದವಾಗಿ, ಮೊದಲ ಸಲ ಕಲಿಯುವವನ ಹಾಗೆ. ರೆಜಿನಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಲೂರ್ದಮ್ಮನಿಗೆ ಏನು ನಡೆಯಿತೆಂದು ತಿಳಿಯಲಿಲ್ಲ. ಎಲ್ಲರೂ ಉಂಡೇ ಹೋಗಬೇಕು ಎಂದಳು. ಉಂಡರು.

ಹೊರಡುವಾಗ ರೆಜಿನಾ ನನ್ನನ್ನು ಅಲ್ಲೇ ಬಿಟ್ಟಳು, ಭಾವ ಕೂತುಕೊಳ್ಳಲಿ ಎಂದು. ನಾಲ್ಕು ವರ್ಷ ನಾನು ಆ ಮನೆಯಲ್ಲಿದ್ದೆ. ಶನಿವಾರ ಶನಿವಾರ ಇವರು ಬರುತ್ತಿದ್ದರು. ಇನ್ನಾಸಪ್ಪ ಅರ್ಧ ಹೇಳಿ ನಿಲ್ಲಿಸುವನು, ಚಿನ್ನಪ್ಪ ಮುಂದುವರಿಸುವನು. ಆಮೇಲೆ ಹಳೆಯ ಬ್ಯಾಂಡಿನವರ ಸುದ್ದಿ ಹೇಳಿಕೊಂಡು ನಗುವರು. ನಾಲ್ಕನೆಯ ವರ್ಷ ಇನ್ನಾಸಪ್ಪ ತಣ್ಣಗೆ ಕಣ್ಣು ಮುಚ್ಚಿದ. ಮಣ್ಣು ಮಾಡಿದ ದಿನ ಬ್ಯಾಂಡಿನ ಸಾಲಿನ ಮುಂದೆ ಟ್ರಂಪೆಟ್ ಊದಿದವನು ತಮ್ಮ.

ಈಗ ಹಳೆಯ ಮನೆಗೆ ಮರಳಿದ್ದೇನೆ. ನನ್ನ ಒಂದು ಕಾಲು ಸಡಿಲಾಗಿದೆ, ಹಲಗೆಯಲ್ಲಿ ಬಿರುಕು. ತಗ್ಗಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿರುವುದರಿಂದ ರೆಜಿನಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾಳೆ. ಪಕ್ಕದಲ್ಲಿ ಚಿನ್ನಪ್ಪ, ಲೂರ್ದಮ್ಮ. ನನ್ನ ಮೇಲೆ ಯಾರೂ ಕೂರುವುದಿಲ್ಲ. ಬದಲಿಗೆ ಒಂದು ಲೋಟಕ್ಕೆ ಒರಗಿಸಿ ಮೊಬೈಲ್ ಫೋನು ಇಡುತ್ತಾರೆ. ಹಾಸನದಿಂದ ಅಮಲಾ, ಅವಳ ಗಂಡ, ಅತ್ತೆ ಅದರೊಳಗೆ ಪ್ರಾರ್ಥನೆ ಹೇಳುತ್ತಾರೆ. ಅವರ ದನಿ ಯಾವಾಗಲೂ ಅರ್ಧ ಸಾಲು ತಡವಾಗಿ ಬರುತ್ತದೆ. ಇಲ್ಲಿ ಆಮೆನ್ ಆದ ಮೇಲೂ ಅಲ್ಲಿಯದು ಉಳಿದಿರುತ್ತದೆ.

ರೆಜಿನಾ ಮುಂದಿನ ಮಣಿ ಹಿಡಿದು ಕಾಯುತ್ತಾಳೆ, ಎಲ್ಲರೂ ಬಂದು ಸೇರುವವರೆಗೆ. ನನಗಂತೂ ಯಾವ ಅವಸರವೂ ಇಲ್ಲ.