ಕಿರೀಟದ ಹರಳು

ಕಾರ್ನಿವಾಲಿಗೆ ಇನ್ನು ಐದೇ ದಿನ. ಲುದೋವಿನಾಳ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗರಿ, ಜರಿ, ಬಣ್ಣದ ಬಟ್ಟೆಯ ರಾಶಿ, ಒಲೆಯ ಮೇಲೆ ಜೋಳ-ಅವರೆ ಬೇಯುವ ಕಚುಪದ ಪಾತ್ರೆ, ಹೊಲಿಯುವವರು, ಅಂಟಿಸುವವರು, ಬರೀ ಹರಟೆಗೆಂದು ಬಂದವರು. ಮೂವತ್ತು ವರ್ಷದಿಂದ ಕೇರಿಯ ತಂಡಕ್ಕೆ ಉಡುಪು ಹೊಲಿಯುತ್ತಿದ್ದವಳು ಅವಳೇ. ತಮ್ಮ ದ್ವೀಪದ ಊರು ಮಿಂದೆಲುವಿನ ಬಂದರಿನಿಂದ ಹಡಗು ಹತ್ತಿದ ಗಂಡ ರಾಟರ್‌ಡ್ಯಾಮಿನಲ್ಲಿ ಬೇರೆ ಸಂಸಾರ ಹೂಡಿ ಹತ್ತೊಂಬತ್ತು ವರ್ಷವಾಗಿತ್ತು. ವರ್ಷದ ಒಂಬತ್ತು ತಿಂಗಳು ಆ ಮನೆಗೆ ನರಪಿಳ್ಳೆ ಬರುತ್ತಿರಲಿಲ್ಲ. ಭಾನುವಾರ ಸಂಜೆ ಊರಿಗೆ ಊರೇ ಪ್ರಾಸ ನೋವ ಚೌಕದಲ್ಲಿ ಜೋಡಿಜೋಡಿಯಾಗಿ ಸುತ್ತು ಹಾಕುವಾಗಲೂ ಅವಳು ಮನೆಯಲ್ಲೇ. ಹೋದರೆ ಯಾರ ಜೊತೆ ಸುತ್ತುವುದು? ಕಾರ್ನಿವಾಲಿನ ಮೂರು ತಿಂಗಳಷ್ಟೇ ಅವಳು ಬದುಕುತ್ತಿದ್ದದ್ದು.

ಈ ಸಲ ಆ ಕೋಣೆಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವನು ನಿಲ್ಟನ್. ನಾಲ್ಕು ವರ್ಷದ ಮಗುವಾಗಿ ಅಮೆರಿಕಕ್ಕೆ ಹೋದವನು. ಅಲ್ಲಿ ಹೊಡೆದಾಟ, ಜೈಲು. ಮೂವತ್ತೈದನೇ ವಯಸ್ಸಿಗೆ ಕೈಗೆ ಕೋಳ ಹಾಕಿ ವಿಮಾನ ಹತ್ತಿಸಿ ಹುಟ್ಟೂರಿಗೆ ಕಳಿಸಿದರು. ಊರಿನವರ ಬಾಯಲ್ಲಿ ಅವನಿಗೆ ಹೆಸರೇ ಇಲ್ಲ, ‘ಗಡೀಪಾರಿನವನು’ ಅಷ್ಟೇ. ಯಾರ ಮನೆಯ ಕೋಳಿ ಕಾಣೆಯಾದರೂ ಮೊದಲು ಅವನ ಕಡೆ ನೋಡುತ್ತಿದ್ದರು. ಆದರೆ ತಂಡದ ಮೆರವಣಿಗೆ ಬಂಡಿಯ ಮೇಲಿನ ತಿಮಿಂಗಿಲಕ್ಕೆ ಕಬ್ಬಿಣದ ಎಲುಬುಗೂಡು ಬೆಸೆದು ನಿಲ್ಲಿಸಿದವನು ಅವನೇ. ಕೆಲಸ ಮುಗಿದ ಮೇಲೆ ಲುದೋವಿನಾಳ ಪಕ್ಕ ಕೂತು ಊಟ ಮಾಡುತ್ತಿದ್ದ. ಅರೆಬರೆ ಬರುತ್ತಿದ್ದ ತಾಯ್ನುಡಿಯಲ್ಲಿ ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಕೇಳಿ ಅವಳನ್ನು ನಗಿಸುತ್ತಿದ್ದ.

ಹಿಂದಿನ ಶನಿವಾರ, ಮೆರವಣಿಗೆಯಲ್ಲಿ ತಂಡದ ರಾಣಿಯಾಗುವವಳ ಕಿರೀಟಕ್ಕೆಂದು ಬ್ರೆಜಿಲಿನಿಂದ ತರಿಸಿದ ಹರಳಿನ ಪೊಟ್ಟಣ ಕಾಣೆಯಾಯಿತು. ಕೊನೆಗೆ ಇಲ್ಲಿಂದ ಹೋದವರು ಯಾರು ಎಂದು ತಂಡದ ಯಜಮಾನ ಬೆಲ್ಮಿರು ಕೇಳಿದ. ನಿಲ್ಟನ್ ಎಂದಳು ಲುದೋವಿನಾ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟು ಸಾಕಾಯಿತು. ಇನ್ನು ಈ ಕಡೆ ತಲೆ ಹಾಕಬೇಡ ಎಂದು ಬೆಲ್ಮಿರು ಬೀದಿಯಲ್ಲಿ ನಿಂತು ಹೇಳಿದ. ನಿಲ್ಟನ್ ತೆರೆದ ಬಾಗಿಲಿನಿಂದ ಲುದೋವಿನಾಳ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಇಂದು, ಗುರುವಾರ, ಒಳಕೋಣೆಯಲ್ಲಿ ಒಬ್ಬಳೇ ಹಸಿರು ಲಂಗವೊಂದನ್ನು ಇಸ್ತ್ರಿ ಮಾಡುವಾಗ ಅಂಚಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಹೊಲಿಗೆ ಬಿಚ್ಚಿ ನೋಡಿದಳು. ಹರಳಿನ ಪೊಟ್ಟಣ! ಒಳಮಡಿಕೆಯಲ್ಲಿ ಜಾರಿ ಬಿದ್ದದ್ದನ್ನು ಗಮನಿಸದೆ ಮೇಲೆ ಹೊಲಿಗೆ ಹಾಕಿದ್ದವಳು ತಾನೇ. ಎರಡು ವರ್ಷದಿಂದ ಕಣ್ಣು ಮಂಜಾಗುತ್ತಿರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ತಂಡದ ಹೊಲಿಗೆಯೆಲ್ಲ ಕೇರಿಯ ಇನ್ನೊಬ್ಬ ದರ್ಜಿ, ಹರೆಯದ ಜಾಸಿರಾಳ ಮನೆಗೆ ಹೋಗುತ್ತದೆ. ಹೊಲಿಗೆ ಹೋದರೆ ಜನವೂ ಹೋಗುತ್ತಾರೆ.

ಬೆಲ್ಮಿರು ಬಂದಾಗ, ಬಾಗಿಲ ಸಂದಿಯಲ್ಲಿ ಸಿಕ್ಕಿತು ಎಂದುಬಿಟ್ಟಳು.

“ಹೆದರಿ ತಂದಿಟ್ಟಿದಾನೆ, ಕಳ್ಳ,” ಎಂದ ಬೆಲ್ಮಿರು.

ಎಲ್ಲರೂ ನಕ್ಕರು. ಅಯ್ಯೋ, ಅವಳೂ ನಕ್ಕಳು.

ಆಮೇಲಿನ ದಿನಗಳು ಹೇಗೆ ಕಳೆದವೋ. ಕೋಣೆಯ ತುಂಬ ಜನ, ಆದರೂ ಅವಳಿಗೆ ಒಬ್ಬಳೇ ಕೂತಂತೆ. ಪಕ್ಕದಲ್ಲಿ ಯಾರು ಕೂತರೂ ಬೇಡವೆನಿಸುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮೆರವಣಿಗೆಗೆ ತಂಡವೆಲ್ಲ ಸಾಲುಗಟ್ಟಿತು. ಲುದೋವಿನಾಳೂ ಅಗಲ ಲಂಗ ತೊಟ್ಟು ಹಿರಿಯ ಹೆಂಗಸರ ಸಾಲಿನಲ್ಲಿದ್ದಳು. ಕಿರೀಟ ಸಡಿಲವಾಗಿದೆ, ಸ್ವಲ್ಪ ನೋಡಿ ಎಂದು ರಾಣಿ ಕರೆದಳು. ಲುದೋವಿನಾ ಪಿನ್ನು ಹಿಡಿದು ಕಿರೀಟದ ಹತ್ತಿರ ಬಾಗಿದಳು. ಬಿಸಿಲಿಗೆ ಹರಳುಗಳು ಕಣ್ಣು ಕುಕ್ಕುತ್ತಿದ್ದವು.

“ಬೆಲ್ಮಿರು, ಇದನ್ನ ಯಾರೂ ಕದ್ದಿರಲಿಲ್ಲ,” ಎಂದಳು. “ನಾನೇ ಲಂಗದೊಳಗೆ ಸೇರಿಸಿ ಹೊಲಿದಿದ್ದೆ. ನನ್ನ ಕಣ್ಣು ಕಾಣಲ್ಲ. ಬಾಗಿಲ ಹತ್ತಿರ ಸಿಕ್ತು ಅಂದಿದ್ದು ಸುಳ್ಳು.”

ಹತ್ತಿರವಿದ್ದ ಹೆಂಗಸರು ತಿರುಗಿ ನೋಡಿದರು.

“ಇವತ್ತು ಹೇಳ್ತಿದೀರಲ್ಲ, ಅಕ್ಕ,” ಎಂದ ಬೆಲ್ಮಿರು. ಅವನಿಗೆ ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. “ಈಗ ಡೋಲು ಶುರುವಾಗುತ್ತೆ. ನಿಮ್ಮ ಸಾಲಿಗೆ ಹೋಗಿ. ಉಳಿದದ್ದು ನಾಳೆ ನೋಡೋಣ.”

ಅವಳು ಸಾಲಿಗೆ ಹೋಗಲಿಲ್ಲ. ಲಂಗ ಎತ್ತಿ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು, ನಿಲ್ಟನ್ ಈಗ ಹೊತ್ತು ಕಳೆಯುತ್ತಾನೆಂದು ಕೇಳಿದ್ದ ಲಜೀನ್ಯದ ಕಡಲ ದಂಡೆಗೆ ನಡೆದಳು. ಬೇರೆ ದಿನವಾದರೆ ಈಜುವವರಿಂದ ಗಿಜಿಗುಡುವ ದಂಡೆಯಲ್ಲಿ ಅಂದು ಇದ್ದದ್ದು ಒಬ್ಬನೇ. ನಿಲ್ಟನ್ ಮರಳಿನಲ್ಲಿ ಕಾಲು ಚಾಚಿ ಕೂತಿದ್ದ.

ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವನು ಸಮುದ್ರದ ಕಡೆಯಿಂದ ಮುಖ ತಿರುಗಿಸಲಿಲ್ಲ.

“ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?”

“ಐದು ದಿನ.”

“ನಮ್ಮಮ್ಮ ಅಲ್ಲಿಂದ ಫೋನ್ ಮಾಡಿದ್ರು,” ಎಂದ ಅವನು. “ಊರೋರು ಯಾರೋ ಹೇಳಿದ್ರಂತೆ. ಅಲ್ಲೂ ಶುರು ಮಾಡಿದ್ಯಾ ಅಂದ್ರು. ಅವರೂ ನಂಬಿಬಿಟ್ರು.”

ಲುದೋವಿನಾ ಅವನ ಪಕ್ಕ ಮರಳಿನ ಮೇಲೆ ಕೂತಳು. ಏನು ಹೇಳಿದರೂ ಸಾಲದು ಎಂದು ಅವಳಿಗೆ ಗೊತ್ತಿತ್ತು. ಅವರ ನಂಬರು ಕೊಡು, ನಾನೇ ಮಾತಾಡುತ್ತೇನೆ ಎಂದಳು. ಅವನು ನಂಬರು ಒತ್ತಿ ಫೋನು ಕೊಟ್ಟ. ಅಮೆರಿಕದ ಆ ತಾಯಿಗೆ ಮೊದಲಿನಿಂದ ಕೊನೆಯವರೆಗೂ ಹೇಳಿ ಮುಗಿಸುವಷ್ಟರಲ್ಲಿ ಲುದೋವಿನಾಳ ಮುಖದ ಬಣ್ಣವೆಲ್ಲ ಕಣ್ಣೀರಿಗೆ ಇಳಿದುಹೋಗಿತ್ತು. ಅವನು ಫೋನು ತೆಗೆದುಕೊಂಡು ದೂರ ಹೋಗಿ ಮಾತಾಡಿದ. ತಿರುಗಿ ಬಂದು ಫೋನು ಜೇಬಿಗಿಟ್ಟ. ಕ್ಷಮಿಸಿದೆ ಎಂದು ಅನ್ನಲಿಲ್ಲ. ಊರಿನ ಕಡೆ ನಡೆದ, ಅವಳು ಹಿಂದೆ ಹಿಂದೆ ಹೋದಳು.

ತಿಮಿಂಗಿಲ ಪ್ರಾಸ ನೋವದ ತಿರುವಿಗೆ ಬಂದಿತ್ತು. ಬಂಡಿ ತಳ್ಳುವವರು ನಿಲ್ಟನ್‌ನನ್ನು ಕಂಡರು. ಯಾರೂ ಕರೆಯಲಿಲ್ಲ. ಅವರಲ್ಲೊಬ್ಬ ಮಾತ್ರ ಒಂದು ಹೆಜ್ಜೆ ಸರಿದು ಕಬ್ಬಿಣದ ಪಟ್ಟಿಯ ಮೇಲೆ ಎರಡು ಕೈಗಾಗುವಷ್ಟು ಜಾಗ ಬಿಟ್ಟ. ನಿಲ್ಟನ್ ಹೋಗಿ ಕೈಯಿಟ್ಟ.

ಲುದೋವಿನಾಳ ಸಾಲು ಯಾವಾಗಲೋ ಮುಂದೆ ಹೋಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ಬೀದಿಯಂಚಿನಲ್ಲಿ, ನೋಡುವವರ ಜೊತೆ ನಿಂತಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಅವಳ ಲಂಗವನ್ನೂ ಮುಖವನ್ನೂ ನೋಡಿ, ಇಷ್ಟು ಚೆಂದ ಉಟ್ಟುಕೊಂಡು ಕುಣಿಯೋದು ಬಿಟ್ಟು ಇಲ್ಯಾಕೆ ನಿಂತಿದೀರಿ ಎಂದಳು.

ಕಾಲು ನೋವು ಎನ್ನಬಹುದಿತ್ತು.

“ಅಗೋ, ಬಿಳಿ ಅಂಗಿ ಹಾಕ್ಕೊಂಡು ಬಂಡಿ ತಳ್ತಿದಾನಲ್ಲ, ಅವನ ಮೇಲೆ ಒಂದು ಸುಳ್ಳು ಹೇಳಿದ್ದೆ ತಾಯಿ,” ಎಂದಳು ಲುದೋವಿನಾ.